ಮೇಡಂಗೆ ಟೆನ್ಶನ್ ಕೊಡಬಾರದು

ನಾಯಕತ್ವ ಕಲಿಸುತ್ತೇವೆಂದು ಕರೆದು, ಮೊಣಕಾಲು ನೋವು ಶುರುವಾದ ವಯಸ್ಸಿನವರನ್ನು ನೆಲದ ಮೇಲೆ ಕೂರಿಸಿ ಬಣ್ಣದ ಕಾಗದ ಕತ್ತರಿಸಲು ಹೇಳುವ ಶಿಬಿರಗಳೆಂದರೆ ಮೋಹಿನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ಮಣಿಪಾಲದ ಆ ಎ.ಸಿ. ಹಾಲಿನಲ್ಲಿ ವಾರವಿಡೀ ಕೂತು ಕಾಗದ ಕತ್ತರಿಸಿದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗುರುತಿಲ್ಲದವರ ಕೈ ಹಿಡಿದು ನಡೆದಳು. ‘ನನ್ನೊಳಗಿನ ನಾಯಕಿ’ ಎಂಬ ವಿಷಯ ಕೊಟ್ಟಾಗ, ಅಂಥವಳೊಬ್ಬಳು ಒಳಗಿದ್ದಾಳೆಂದು ನಂಬಿದವಳಂತೆ ಮಾತಾಡಿದಳು. ಮಾಡದೆ ವಿಧಿಯಿರಲಿಲ್ಲ.

ಕಾಪುವಿನ ಆ ಪುಟ್ಟ ಡಿಗ್ರಿ ಕಾಲೇಜಿಗೆ ಅವಳು ಪ್ರಭಾರ ಪ್ರಾಂಶುಪಾಲೆ. ಪ್ರಭಾರ ಎಂದರೆ ಬೈಗುಳ ಪೂರ್ತಿ, ಅಧಿಕಾರ ಅರ್ಧ. ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿ ರಘುಪತಿ ರಾಯರು ಬೇಸಿಗೆಯಲ್ಲಿ ಅವಳನ್ನು ಕಾರ್ಕಳಕ್ಕೆ ಕರೆಸಿ, ಎಳನೀರು ಕೊಟ್ಟು ಹೇಳಿದ್ದರು: “ಈ ಶಿಬಿರದ ಸರ್ಟಿಫಿಕೇಟು ತನ್ನಿ ಮೇಡಂ, ಪ್ರಭಾರವನ್ನು ತೆಗೆದುಬಿಡುವ. ಪೂರ್ಣ ಪ್ರಾಂಶುಪಾಲರಿಲ್ಲದ ಕಾಲೇಜನ್ನು ಎಷ್ಟು ದಿನ ಅಂತ ನಡೆಸುವುದು, ನೀವೇ ಹೇಳಿ?” ಸರ್ಟಿಫಿಕೇಟು ಬಂದರೆ ಕಾಲೇಜು ಉಳಿಯುತ್ತದೆ ಎಂದು ಮೋಹಿನಿ ಅರ್ಥ ಮಾಡಿಕೊಂಡಳು. ಹಾಗೆ ಅರ್ಥ ಮಾಡಿಕೊಳ್ಳಲಿ ಎಂದೇ ಅವರು ಹೇಳಿದ್ದು.

ಅಲ್ಲಿಂದ ಬಂದವಳು ಕಾಲಿಗೆ ಚಕ್ರ ಕಟ್ಟಿಕೊಂಡಳು. ಪ್ರಥಮ ವರ್ಷಕ್ಕೆ ಮಕ್ಕಳಿಲ್ಲ ಎಂಬ ಮಾತು ಬರಬಾರದೆಂದು ಪೊಲಿಪುವಿನ ಕಡಲ ಬದಿಯ ಮನೆಮನೆಗೂ ಹೋದಳು. ಬಿಸಿಲಲ್ಲಿ ಹೋಗಿ ಜಗಲಿಯಲ್ಲಿ ಕೂತು, “ಹುಡುಗಿಯನ್ನು ನನಗೆ ಕೊಡಿ, ಮೂರು ವರ್ಷ ನನ್ನ ಜವಾಬ್ದಾರಿ” ಎಂದಳು. ಅವಳೂ ಅದೇ ಕಡಲ ಬದಿಯ ಮನೆಯವಳು, ಮೀನಿನ ಬುಟ್ಟಿಯ ದುಡ್ಡಿನಲ್ಲಿ ಎಂ.ಕಾಂ. ಓದಿದವಳು. ಅವಳ ಮಾತಿಗೆ ಯಾವ ಮನೆಯಲ್ಲೂ ಇಲ್ಲ ಅನ್ನಲಿಲ್ಲ. ತರಗತಿ ತುಂಬಿತು. ಇನ್ನು ಉಳಿದದ್ದು ಆ ಸರ್ಟಿಫಿಕೇಟು ಒಂದೇ.

ಶಿಬಿರದ ಕೊನೆಯ ಘಟ್ಟಕ್ಕೆ ಎಲ್ಲರ ಕಾಲೇಜುಗಳಿಂದ ಸಹೋದ್ಯೋಗಿಗಳ ಅಭಿಪ್ರಾಯ ತರಿಸಿದ್ದರು. ಉಪನ್ಯಾಸಕರಿಂದ ಹಿಡಿದು ಆಫೀಸಿನವರವರೆಗೆ ಎಲ್ಲರೂ ಹೆಸರು ಹಾಕದೆ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ಇವರು ತಿದ್ದಿಕೊಳ್ಳಬೇಕಾದದ್ದು ಏನು? ಹೆಸರಿಲ್ಲ ಎಂದಮೇಲೆ ಕೇಳಬೇಕೆ, ಹೆಚ್ಚಿನವರಿಗೆ ಬೈಗುಳದ ಸಹಸ್ರನಾಮವೇ ಬಂದಿತ್ತು. ವಿಜಯೀಂದ್ರ ಎಂಬ ಫಿಸಿಕ್ಸ್ ಮೇಷ್ಟರಿಗೆ ‘ಬೇರೆಯವರು ಬಾಯಿ ತೆರೆಯುವ ಮೊದಲೇ ಉತ್ತರ ಕೊಡುತ್ತಾರೆ’ ಎಂದು ಯಾರೋ ಬರೆದಿದ್ದರು. ಅವರು ಅದನ್ನು ಹಾಲಿನಲ್ಲೆಲ್ಲ ತೋರಿಸುತ್ತ, ಯಾರೂ ಬಾಯಿ ತೆರೆಯುವ ಮೊದಲೇ ಅದು ಸುಳ್ಳೆಂದು ವಾದಿಸುತ್ತ ತಿರುಗುತ್ತಿದ್ದರು.

ಮೋಹಿನಿಯನ್ನು ಮಾತ್ರ ಶಿಬಿರ ನಡೆಸುವ ಪ್ರಿಯಂವದಾ ಊಟದ ನಂತರ ಪಕ್ಕಕ್ಕೆ ಕರೆದಳು. ಬನ್ನಂಜೆಯ ಹುಡುಗಿ, ಮಾತು ಮೃದು, ಮನಸ್ಸು ಗಟ್ಟಿ.

“ಬೇಸರ ಮಾಡಬೇಡಿ ಮೇಡಂ. ನಿಮ್ಮದನ್ನು ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ.”

“ಯಾಕೆ? ಕೆಟ್ಟದಾಗಿ ಬರೆದಿದ್ದಾರಾ?”

“ಕೆಟ್ಟದು ಒಂದಾದರೂ ಇದ್ದಿದ್ದರೆ ಚಂದ ಇತ್ತು.” ಪ್ರಿಯಂವದಾ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. ಮೋಹಿನಿ ಮೇಡಂ ನಮ್ಮ ಕಾಲೇಜಿನ ದೀಪ. ತಾಯಿಯಂಥ ಮನಸ್ಸು. ತಿದ್ದಿಕೊಳ್ಳುವಂಥದ್ದು ಏನೂ ಇಲ್ಲ, ದೇವರು ಆಯುಷ್ಯ ಆರೋಗ್ಯ ಕೊಡಲಿ. ಕೊನೆಯವರೆಗೂ ಹೀಗೇ. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಸೇರಿಸಿದರೆ ಸಾಕ್ಷಾತ್ ಸನ್ಮಾನ ಪತ್ರ.

“ಇದರ ಅರ್ಥ ಎರಡೇ ಮೇಡಂ. ಒಂದೋ ನೀವು ದೇವರು, ಇಲ್ಲದಿದ್ದರೆ ನಿಮ್ಮ ಹತ್ತಿರ ನಿಜ ಹೇಳುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ. ಎರಡಕ್ಕೂ ನಾವು ಸರ್ಟಿಫಿಕೇಟ್ ಕೊಡುವ ಹಾಗಿಲ್ಲ. ನಾಳೆ ಬೆಳಿಗ್ಗೆಯ ಒಳಗೆ ಬೇರೆ ಬರೆಸಿ ತರುತ್ತೀರಾ? ನಿಮ್ಮ ತಪ್ಪು ಬೇಕು ನನಗೆ. ನಿಜವಾದ ತಪ್ಪು.”

ಮೋಹಿನಿಗೆ ಹೆದರುತ್ತಾರಾ? ಯಾರ ಮಗುವಿಗೆ ಜ್ವರ, ಯಾರ ಅತ್ತೆಗೆ ಆಪರೇಶನ್ ಎಂದು ದಿನಾ ವಿಚಾರಿಸುವ ಅವಳಿಗೆ? ಆದರೆ ಅವಮಾನ ಪಟ್ಟುಕೊಳ್ಳಲು ಈಗ ಹೊತ್ತಿರಲಿಲ್ಲ. ಸರ್ಟಿಫಿಕೇಟು ತಪ್ಪಿದರೆ ಕಾಲೇಜು ತಪ್ಪಿತು. ಗಂಡನಿಗೆ ಫೋನು ಮಾಡಿ ಕಾರು ತರಲು ಹೇಳಿದಳು.

ಧರ್ಮಪಾಲ ಮಲ್ಪೆಯಲ್ಲಿ ಮೀನು, ಒಣಮೀನುಗಳ ವ್ಯಾಪಾರಿ. ಬೋಟುಗಳಿಗೆ ಮಳೆಗಾಲದ ರಜೆಯಾದ್ದರಿಂದ ಅವನಿಗೂ ರಜೆ. ಕರೆದ ಕೂಡಲೆ ಬಂದ. ವಿಷಯ ಕೇಳಿದ್ದೇ ಅವನ ಮುಖ ಸಣ್ಣದಾಯಿತು.

“ಬಿಡು ಮಾರಾಯ್ತಿ. ಸರ್ಟಿಫಿಕೇಟು ಇಲ್ಲದಿದ್ದರೆ ಎಂತ ಈಗ? ಮನೆಗೆ ಹೋಗುವ, ಗಂಜಿ ಊಟ ಮಾಡಿ ಮಲಗು.”

“ಕಾಲೇಜಿಗೆ ನಡೆಯಿರಿ.”

“ನಾಳೆ ಹೋದರೆ ಆಗುವುದಿಲ್ಲವಾ?”

“ನಾಳೆ ಆಗುವುದಾಗಿದ್ದರೆ ನಿಮ್ಮನ್ನು ಕರೆಯುತ್ತಿದ್ದೆನಾ?”

ಅಂಬಲಪಾಡಿಯಲ್ಲಿ ರಸ್ತೆ ಅಗೆದು ಹಾಕಿದ್ದರಿಂದ ಕಾರು ತೆವಳಿತು. ಎರಡು ಸಲ ಧರ್ಮಪಾಲನ ಫೋನು ಹೊಡೆದುಕೊಂಡಿತು, ಎರಡು ಸಲವೂ ಹೆಸರು ನೋಡಿ ಕತ್ತರಿಸಿದ. ಅವಳಿಗೆ ಅದನ್ನೆಲ್ಲ ಗಮನಿಸುವ ವ್ಯವಧಾನ ಇರಲಿಲ್ಲ. ತನ್ನ ತಪ್ಪುಗಳು ಏನಿರಬಹುದೆಂದು ಯೋಚಿಸುತ್ತಿದ್ದಳು. ಒಂದೂ ಹೊಳೆಯಲಿಲ್ಲ, ಆಗ ಅವಳಿಗೆ ಮೊದಲ ಬಾರಿ ಭಯವಾಯಿತು.

ಸ್ಟಾಫ್ ರೂಮಿನಲ್ಲಿ ಮನೆಗೆ ಹೊರಟಿದ್ದವರನ್ನೆಲ್ಲ ಮತ್ತೆ ಕೂರಿಸಿದಳು. ಆಫೀಸ್ ಸುಪರಿಂಟೆಂಡೆಂಟ್ ಧನರಾಜ್, ಅರ್ಥಶಾಸ್ತ್ರದ ಅಖಿಲ್, ಗ್ರಂಥಪಾಲಕಿ ಎಸ್ತರ್, ಇನ್ನೂ ಕೆಲವರು. ಧರ್ಮಪಾಲ ಬಾಗಿಲ ಹತ್ತಿರ ಕಾರಿನ ಕೀ ತಿರುಗಿಸುತ್ತ ನಿಂತ. ಮೋಹಿನಿ ಕೈ ಜೋಡಿಸಿಯೇ ಕೇಳಿದಳು: “ನಿಮಗೆ ನಾನು ಇಷ್ಟು ವರ್ಷದಲ್ಲಿ ಒಂದು ತಪ್ಪಾದರೂ ಮಾಡಿರಬೇಕಲ್ವಾ? ಅದನ್ನು ಹೇಳಿ. ಬೈಯಿರಿ. ನಿಮ್ಮ ಕೆಲಸಕ್ಕೋಸ್ಕರ, ಈ ಕಾಲೇಜಿಗೋಸ್ಕರ ಬೈಯಿರಿ.”

ಯಾರೂ ಯಾರನ್ನೂ ನೋಡಲಿಲ್ಲ.

“ಮೇಡಂ ರಜೆ ಹಾಕುವುದಿಲ್ಲ,” ಎಂದ ಅಖಿಲ್ ಬಹಳ ಹೊತ್ತು ಯೋಚಿಸಿ. “ಅದೊಂದು ದೋಷ.”

“ಹಾಂ, ಅದು ಬರೆಯಬಹುದು,” ಎಂದ ಧನರಾಜ್ ಗಂಡಾಂತರ ತಪ್ಪಿದವನಂತೆ. “ಮತ್ತೆ, ಊಟ ಹೊತ್ತಿಗೆ ಸರಿಯಾಗಿ ಮಾಡುವುದಿಲ್ಲ.”

“ಇದು ತಪ್ಪಾ?” ಮೋಹಿನಿಯ ಸ್ವರ ಏರಿತು. “ನನ್ನನ್ನು ಎಂತ ಅಂದುಕೊಂಡಿದ್ದೀರಿ ನೀವೆಲ್ಲ? ನಾಳೆ ಬೆಳಿಗ್ಗೆಯ ಒಳಗೆ ಕೊಡದಿದ್ದರೆ ಈ ಕಾಲೇಜು ಮುಚ್ಚುತ್ತದೆ, ತಿಳಿಯುತ್ತದಾ?”

ಅವಳು ಕಿರುಚಿದ್ದೇ ತಡ, ಒಬ್ಬರು ಕುರ್ಚಿ ಎಳೆದು ಅವಳ ಹಿಂದಿಟ್ಟರು, ಒಬ್ಬರು ಫ್ಯಾನು ಜೋರು ಮಾಡಿದರು, ಎಸ್ತರ್ ಕೈಗೆ ನೀರಿನ ಲೋಟ ಬಂತು. ಧನರಾಜನ ಕಣ್ಣು ನೇರ ಬಾಗಿಲಲ್ಲಿದ್ದ ಧರ್ಮಪಾಲನ ಮುಖಕ್ಕೆ ಹೋಯಿತು. ಎಷ್ಟು ಚುರುಕಾಗಿ, ಎಷ್ಟು ಅಭ್ಯಾಸವಾಗಿ! ಅದು ಹೆದರಿದವರು ಮಾಡುವ ಕೆಲಸವಲ್ಲ. ರೋಗಿಯ ಮಂಚದ ಸುತ್ತ ನಿಂತವರು ಮಾಡುವ ಕೆಲಸ. ಮೋಹಿನಿ ಆ ಲೋಟ ಮುಟ್ಟಲಿಲ್ಲ.

“ಎಂತ ಉಂಟು?” ಎಂದಳು ಮೆಲ್ಲಗೆ. “ನನ್ನಿಂದ ಎಂತ ಮುಚ್ಚಿಟ್ಟಿದ್ದೀರಿ?”

ಎಸ್ತರ್ ಅವಳ ತೋಳು ಹಿಡಿದು ಲೈಬ್ರರಿಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಜನರೆದುರು ಮೇಡಂ ಎಂದರೂ ಇಬ್ಬರೇ ಇರುವಾಗ ಹೆಸರು ಹಿಡಿದು ಕರೆಯುವಷ್ಟು ಸಲಿಗೆ.

“ಕುಳಿತುಕೋ, ಹೇಳುತ್ತೇನೆ. ನಿನಗೆ ಹಾರ್ಟಿಗೆ ಸ್ಟೆಂಟ್ ಹಾಕಿದರಲ್ಲ, ಆ ಸಲ ನೀನು ಆಸ್ಪತ್ರೆಯಿಂದ ಬರುವ ಮೊದಲೇ ಧರ್ಮಪಾಲಣ್ಣ ಇಲ್ಲಿಗೆ ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಅಷ್ಟು ಜನರೆದುರು ಅತ್ತುಬಿಟ್ಟರು, ಮಾರಾಯ್ತಿ. ‘ಅವಳಿಗೆ ಟೆನ್ಶನ್ ಕೊಡಬೇಡಿ, ಟೆನ್ಶನ್ ಆದರೆ ಅವಳು ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ’ ಅಂದರು. ಗಂಡಸರು ಅಳುವುದನ್ನು ನೋಡಲಿಕ್ಕೆ ಆಗುತ್ತದಾ? ಎಲ್ಲರೂ ಸೇರಿ ಮಾತು ಕೊಟ್ಟೆವು.”

ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಟೆನ್ಶನ್ ಬೇಡ ಎಂಬುದು ಡಾಕ್ಟರು ಬಂದವರಿಗೆಲ್ಲ ಹೇಳಿ ಕಳಿಸುವ ಮಾತು. ಒಣಮೀನಿನ ವ್ಯಾಪಾರಿಗೆ ಉಪ್ಪು ಬಿಡಿಸುವುದು ಆಗಲಿಲ್ಲ, ಹೆಂಡತಿಯನ್ನು ನಡೆಸುವುದೂ ಆಗಲಿಲ್ಲ. ಮೂರನೆಯದನ್ನು ಮಾತ್ರ ಅವನು ಹರಕೆಯಂತೆ ಹೊತ್ತುಕೊಂಡಿದ್ದ. ಸಾಲದ್ದಕ್ಕೆ ಡಾಕ್ಟರು ಹೇಳದ್ದನ್ನೂ ಅದಕ್ಕೆ ಸೇರಿಸಿದ್ದ.

“ನೀನು ಮಾಡಿದ ಟೈಂಟೇಬಲ್ಲು ಪ್ರತಿ ವರ್ಷ ಮುಗ್ಗರಿಸುತ್ತದೆ. ಅಖಿಲ್ ಅದನ್ನು ಮತ್ತೆ ಮಾಡುತ್ತಾನೆ,” ಎಂದಳು ಎಸ್ತರ್. “ಇಬ್ಬರು ಲೆಕ್ಚರರು ಬಿಟ್ಟುಹೋದದ್ದು ನಿನ್ನ ಮೇಲಿನ ಸಿಟ್ಟಿಗೆ. ಮದುವೆ, ವರ್ಗ ಅಂತ ನಿನಗೆ ಹೇಳಿದೆವು. ಅದೆಲ್ಲ ಹೋಗಲಿ.” ಅವಳು ಲೋಟ ಕೆಳಗಿಟ್ಟಳು. “ಕಾಲೇಜು ಉಳಿಯುವುದಿಲ್ಲ, ಮೋಹಿನಿ. ಮಾರ್ಚಿನ ಮಾರಿಪೂಜೆಯ ವಾರವೇ ಟ್ರಸ್ಟಿನಲ್ಲಿ ತೀರ್ಮಾನ ಆಗಿದೆ. ದಸರಾ ರಜೆಗೆ ಇಲ್ಲಿ ಬೀಗ. ಎಲ್ಲ ಟ್ರಸ್ಟಿನ ಕಾರ್ಕಳದ ಕಾಲೇಜಿಗೆ.”

ಮೋಹಿನಿ ಕುರ್ಚಿಯಿಂದ ಎದ್ದಳು. “ಹಾಗಾದರೆ ಈ ಶಿಬಿರ? ಸರ್ಟಿಫಿಕೇಟು?”

“ನಿನ್ನ ಸಮಾಧಾನಕ್ಕೆ. ನಮ್ಮ ಕೈಯಲ್ಲಿ ಕೊಡಲಿಕ್ಕೆ ಬೇರೆ ಎಂತ ಉಂಟು? ಅದಕ್ಕೇ ಎಲ್ಲರೂ ಚಂದ ಮಾಡಿ ಬರೆದದ್ದು. ಅದು ನಿನಗೆ ತಿರುಗಿ ಬೀಳುತ್ತದೆ ಅಂತ ನಮಗೆ ಎಂತ ಗೊತ್ತು?”

“ನಾನು ಮನೆಮನೆ ತಿರುಗಿ ಸೇರಿಸಿದ ಹುಡುಗಿಯರು?”

ಈ ಪ್ರಶ್ನೆಗೆ ಎಸ್ತರ್ ಕಿಟಕಿಯ ಕಡೆ ತಿರುಗಿದಳು. “ಅವರನ್ನೂ ಕಾರ್ಕಳಕ್ಕೆ ಹಾಕುತ್ತಾರೆ. ಅಲ್ಲಿ ಸೀಟು ಖಾಲಿ ಉಂಟು. ಅಷ್ಟು ಮಕ್ಕಳು ಹೋದರೆ ನಮಗೂ ಅಲ್ಲಿ ಕೆಲಸ ಅಂತ ರಾಯರು ಹೇಳಿದ್ದಾರೆ.” ಆಮೇಲೆ ತನಗೇ ಹೇಳಿಕೊಳ್ಳುವವಳಂತೆ ಎಂದಳು: “ಪಾಪ ಅಂತಲೇ ಶುರು ಮಾಡಿದ್ದು, ದೇವರಾಣೆ. ಆಮೇಲೆ ನಮಗೂ ಅದೇ ಅನುಕೂಲ ಆಯಿತು.”

ಪೊಲಿಪುವಿನಿಂದ ಕಾರ್ಕಳಕ್ಕೆ ಹೋಗಿ ಬರುವುದೆಂದರೆ ಬಸ್ಸು ಬದಲಿಸಿ ಬದಲಿಸಿ ಮನೆ ಸೇರುವಾಗ ಕತ್ತಲು. ಆ ಹುಡುಗಿಯರಲ್ಲಿ ಅರ್ಧ ಜನ ದಸರಾದ ನಂತರ ಮನೆಯಲ್ಲಿ ಕೂರುತ್ತಾರೆ, ಮರುವರ್ಷ ಮದುವೆಯಾಗುತ್ತದೆ. ಇದು ಎಸ್ತರಿಗೂ ಗೊತ್ತು, ಮೋಹಿನಿಗೂ ಗೊತ್ತು. ಕಾಲೇಜೆಲ್ಲ ಸೇರಿ ಅವಳ ಕಣ್ಣಿಗೆ ಮಣ್ಣೆರಚಿದ್ದಾಯಿತು, ಅವಳು ಆ ಕಣ್ಣಲ್ಲೇ ದಾರಿ ನೋಡಿಕೊಂಡು ಇನ್ನೊಬ್ಬರ ಮಕ್ಕಳನ್ನು ಕೈಹಿಡಿದು ಕರೆತಂದದ್ದೂ ಆಯಿತು. ಎದೆಯೊಡೆದು ಅಳಬೇಕೆನಿಸಿತು. ಅತ್ತರೆ ಮತ್ತೆ ಕುರ್ಚಿ, ಮತ್ತೆ ಫ್ಯಾನು, ಮತ್ತೆ ನೀರು. ಹಲ್ಲು ಕಚ್ಚಿಕೊಂಡಳು. ಇಷ್ಟೆಲ್ಲ ಕೇಳಿದ ಮೇಲೂ ಎದೆ ತನ್ನಷ್ಟಕ್ಕೆ ಸರಿಯಾಗಿಯೇ ಬಡಿಯುತ್ತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಆ ಗಟ್ಟಿ ಎದೆಯ ಮೇಲೆ ಅವಳಿಗೆ ವಿಪರೀತ ಸಿಟ್ಟು ಬಂತು.

ಬಾಗಿಲು ತೆಗೆದಾಗ ಧರ್ಮಪಾಲ ಅಲ್ಲೇ ನಿಂತಿದ್ದ.

“ನಿಮಗೂ ಗೊತ್ತಿತ್ತಾ?”

“ನೀನು ಉಳಿದರೆ ಸಾಕು ಅನಿಸಿತು,” ಎಂದ ಅವನು. “ಕಾಲೇಜಿಗೆ ಇನ್ನೊಬ್ಬರು ಮೇಡಂ ಸಿಗುತ್ತಾರೆ. ನನಗೆ ಎಲ್ಲಿಂದ ಸಿಗುವುದು?”

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಕರಗಿಹೋಗುತ್ತಿದ್ದಳು. ಈಗ ಅವನನ್ನು ದಾಟಿ ನೇರ ಆಫೀಸಿಗೆ ಹೋದಳು. ಉಡುಪಿಯ ಸರಕಾರಿ ಕಾಲೇಜಿನಲ್ಲಿ ಸೇರಲು ನಾಳೆ ಕೊನೆಯ ದಿನ. ಹುಡುಗಿಯರ ಟಿ.ಸಿ., ಅಂಕಪಟ್ಟಿ ಎಲ್ಲ ಇಲ್ಲಿನ ಕಪಾಟಿನಲ್ಲಿ. ಅವು ಇವತ್ತು ಸಂಜೆ ಅವರವರ ಮನೆ ಸೇರಿದರೆ ಇನ್ನೂ ಹೊತ್ತಿದೆ.

“ಕಪಾಟಿನ ಕೀ ಕೊಡಿ ಧನರಾಜ್.”

ಧನರಾಜ್ ಬಿಳಿಚಿಕೊಂಡ. “ಮೇಡಂ, ಆ ಮಕ್ಕಳು ಹೋದರೆ ಕಾರ್ಕಳದಲ್ಲಿ ನಮಗೆ ಎಂತ ಕೆಲಸ? ರಾಯರು ಒಬ್ಬರನ್ನೂ ತೆಗೆದುಕೊಳ್ಳುವುದಿಲ್ಲ. ನನ್ನ ಮಗಳದು ಈ ವರ್ಷ ನರ್ಸಿಂಗ್ ಉಂಟು.”

“ನನಗೆ ನಿವೃತ್ತಿಗೆ ಇನ್ನೂ ಮೂರು ವರ್ಷ ಉಂಟು, ಮೋಹಿನಿ,” ಎಂದಳು ಹಿಂದಿನಿಂದ ಎಸ್ತರ್. ಅಖಿಲನಿಗೆ ಮದುವೆ ನಿಶ್ಚಯವಾಗಿತ್ತು. ಎಲ್ಲರೂ ಒಳ್ಳೆಯವರು. ಅವಳ ಮನೆಗೆ ಗಂಜಿ ಹೊತ್ತು ತಂದವರು, ಆಸ್ಪತ್ರೆಯಲ್ಲಿ ರಾತ್ರಿ ಕಾದವರು. ಒಳ್ಳೆಯವರ ಹೊಟ್ಟೆಯ ಮೇಲೆ ಹೊಡೆಯುವುದು ಹೇಗೆಂದು ಮಣಿಪಾಲದಲ್ಲಿ ವಾರವಿಡೀ ಯಾರೂ ಹೇಳಿಕೊಟ್ಟಿರಲಿಲ್ಲ.

“ನನಗೆ ಹೇಳಬೇಕಿತ್ತು ನೀವು,” ಎಂದಳು ಮೋಹಿನಿ. “ಮಾರಿಪೂಜೆಯ ದಿನ ಹೇಳಿದ್ದರೆ ನಾನು ಆ ಮನೆಗಳಿಗೆ ಹೋಗುತ್ತಲೇ ಇರಲಿಲ್ಲ. ಎಲ್ಲರೂ ಕೂತು ಬೇರೆ ದಾರಿ ಹುಡುಕಬಹುದಿತ್ತು. ಈಗ ನೀವೋ ಅವರೋ ಅಂತ ನನ್ನ ಕೈಯಲ್ಲಿ ಆಯ್ಕೆ ಮಾಡಿಸುತ್ತಿದ್ದೀರಲ್ಲ!” ಧನರಾಜನ ಮೇಜಿನ ಡ್ರಾಯರು ಎಳೆದು ಕೀ ತಾನೇ ತೆಗೆದುಕೊಂಡಳು. ಯಾರೂ ತಡೆಯಲಿಲ್ಲ. ತಡೆದರೆ ಅವಳಿಗೆ ಟೆನ್ಶನ್ ಆಗುತ್ತದೆ.

ಟಿ.ಸಿ.ಗಳ ಕಟ್ಟನ್ನು ಎದೆಗವಚಿಕೊಂಡು ಕಾರು ಹತ್ತಿದಳು. ಧರ್ಮಪಾಲ ಪೊಲಿಪುವಿಗೆ ಕಾರು ಓಡಿಸಿದ. ಬೋಟು, ದೋಣಿಗಳಿಗೆಲ್ಲ ತೆಂಗಿನ ಗರಿ ಹೊದಿಸಿ ಮಲಗಿಸಿದ್ದರು. ಮಳೆ ಬಿಟ್ಟಿದ್ದ ಸಂಜೆ, ಕಡಲು ಮಾತ್ರ ಬೊಬ್ಬಿಡುತ್ತಿತ್ತು. ಮೊದಲ ಮನೆ ಮೀನು ಮಾರುವ ಸುಗುಣಕ್ಕನದು. ಗಂಡನಿಲ್ಲದ ಹೆಂಗಸು, ಇರುವವಳೊಬ್ಬಳೇ ಮಗಳು ತೃಪ್ತಿ. ಅವಳನ್ನು ಬಿ.ಕಾಂ.ಗೆ ಸೇರಿಸಲು ಮೋಹಿನಿ ಇದೇ ಜಗಲಿಯಲ್ಲಿ ಮಧ್ಯಾಹ್ನವಿಡೀ ಕೂತಿದ್ದಳು.

“ಬನ್ನಿ ಟೀಚರೇ, ಬನ್ನಿ,” ಎಂದು ಸುಗುಣಕ್ಕ ಸೆರಗಿನಿಂದಲೇ ಜಗಲಿ ಒರೆಸಿದಳು. “ತೃಪ್ತೀ, ಚಾಯಕ್ಕೆ ಇಡು.”

ಅವಳ ಮುಖದ ಸಂತೋಷ ನೋಡಿ ಮೋಹಿನಿಯ ನಾಲಿಗೆ ಒಳಗೇ ಹೊರಳಿತು. ಏನೋ ತೊಂದರೆ ಬಂದಿದೆ, ಸರಿ ಮಾಡುತ್ತೇವೆ ಎಂದರೆ ಸಾಕಲ್ಲವೆ? ಚಹಾ ಕುಡಿದು, ನಿಧಾನವಾಗಿ, ನೋವಾಗದ ಹಾಗೆ? ಹೀಗೇ ಶುರುವಾಗುತ್ತದೆ ಎಂದು ಅವಳಿಗೆ ಹೊಳೆಯಿತು. ನಿಂತಲ್ಲೇ ಹೇಳಿಬಿಟ್ಟಳು.

“ಸುಗುಣಕ್ಕ, ಕಾಲೇಜು ಮುಚ್ಚುತ್ತದೆ. ದಸರಾದವರೆಗೆ ಮಾತ್ರ. ನಾನು ನಿಮಗೆ ಕೊಟ್ಟ ಮಾತು ಸುಳ್ಳಾಯಿತು. ತೃಪ್ತಿಯ ಟಿ.ಸಿ. ತಂದಿದ್ದೇನೆ, ನಾಳೆ ಬೆಳಿಗ್ಗೆಯೇ ಉಡುಪಿಗೆ ಹೋಗಬೇಕು.”

ಸುಗುಣಕ್ಕ ಬೆಚ್ಚಲಿಲ್ಲ. ಅವಳ ಕಣ್ಣು ಮೋಹಿನಿಯನ್ನು ದಾಟಿ ಕಾರಿನ ಬಳಿ ನಿಂತ ಧರ್ಮಪಾಲನ ಕಡೆ ಹೋಯಿತು. ಅವನು ತಲೆ ತಗ್ಗಿಸಿದ.

“ಅಯ್ಯೋ, ನಿಮಗೆ ಯಾರು ಹೇಳಿದ್ದು ಟೀಚರೇ?” ಎಂದಳು ಸುಗುಣಕ್ಕ. “ನೀವು ಮೊದಲು ಕುಳಿತುಕೊಳ್ಳಿ. ಒಂದು ಲೋಟ ನೀರು ಕುಡಿಯಿರಿ.”

“ನಿಮಗೆ ಗೊತ್ತಿತ್ತಾ?”

“ಈ ಬದಿಯಲ್ಲಿ ಎಲ್ಲರಿಗೂ ಗೊತ್ತುಂಟು. ನಿಮಗೆ ಹೇಳಬಾರದು ಅಂತ ಅಣ್ಣ ಮೊದಲೇ ಹೇಳಿದ್ದರಲ್ಲ. ಆ ಬಿಸಿಲಲ್ಲಿ, ಹಾರ್ಟಿನವರು ನೀವು, ಮನೆ ಬಾಗಿಲಿಗೆ ಬಂದು ಕೂತಿರಿ. ಕೊಡುವುದಿಲ್ಲ ಅಂದು, ನೀವು ಇಲ್ಲೇ ಬಿದ್ದರೆ? ಆ ಪಾಪ ನಮಗೆ ಯಾಕೆ ಅಂತ ಎಲ್ಲರೂ ಸೇರಿಸಿದ್ದು.”

ಎಲ್ಲರೂ. ಮೋಹಿನಿ ಕೈಯಲ್ಲಿದ್ದ ಕಟ್ಟನ್ನು ನೋಡಿದಳು. ಯಾರೂ ಇಲ್ಲವೆನ್ನದ ಆ ಒಂದೊಂದು ಮನೆ, ಅವಳು ಹೆಮ್ಮೆಪಟ್ಟುಕೊಂಡ ಒಂದೊಂದು ಹೆಸರು. ಅವಳ ಮಾತಿನ ಮೇಲಿನ ನಂಬಿಕೆಯಿಂದ ತುಂಬಿದ ತರಗತಿಯಲ್ಲ ಅದು. ಅವಳು ಸಾಯಬಾರದೆಂದು ತಾಯಂದಿರು ತಮ್ಮ ಮಕ್ಕಳನ್ನು ತಂದು ಒಪ್ಪಿಸಿದ್ದು. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದಳು.

“ಸುಮ್ಮನಿರಮ್ಮ!” ಬಾಗಿಲ ಹಿಂದಿನಿಂದ ತೃಪ್ತಿ ಹೊರಗೆ ಬಂದಳು. ಅವಳ ಮೂಗು ಕೆಂಪಾಗಿತ್ತು. “ನನಗೆ ಉಡುಪಿಯಲ್ಲಿ ಬಿ.ಎಸ್ಸಿ. ಸಿಕ್ಕಿತ್ತು ಟೀಚರ್. ಕೆಮಿಸ್ಟ್ರಿ. ನೀವು ಬಂದು ಕೂತಿರಿ, ಅಮ್ಮ ಅದನ್ನು ಬಿಡಿಸಿದರು. ನಾಳೆ ಹೋದರೆ ಅದು ಸಿಗುತ್ತದಾ? ಅದು ಬೇರೆಯವರಿಗೆ ಹೋಗಿ ಆಯಿತು. ಉಳಿದ ಯಾವುದೋ ಒಂದು ಸಿಗಬಹುದು. ನಿಮ್ಮ ಹಾರ್ಟಿಗೆ ನನ್ನ ಸೀಟು ಯಾಕೆ ಕೊಡಬೇಕಿತ್ತು?”

“ಬಾಯಿ ಮುಚ್ಚು! ಟೀಚರಿಗೆ ಹೀಗೆ ಹೇಳುವುದಾ?” ಸುಗುಣಕ್ಕ ಹೊಡೆಯಲು ಕೈ ಎತ್ತಿದಳು. ಕಾರಿನ ಹತ್ತಿರದಿಂದ ಧರ್ಮಪಾಲ ಓಡಿ ಬರತೊಡಗಿದ.

ಮೋಹಿನಿ ಸುಗುಣಕ್ಕನ ಕೈಯನ್ನು ಗಾಳಿಯಲ್ಲೇ ಹಿಡಿದಳು. ಇನ್ನೊಂದು ಕೈಯಿಂದ ಗಂಡನಿಗೆ ಅಲ್ಲೇ ನಿಲ್ಲಲು ಸನ್ನೆ ಮಾಡಿದಳು. ಎದೆ ಬಡಿದುಕೊಳ್ಳುತ್ತಿತ್ತು, ಬಡಿದುಕೊಳ್ಳಲಿ ಎಂದುಕೊಂಡಳು.

“ಇನ್ನೂ ಉಂಟಾ?” ಎಂದು ಕೇಳಿದಳು ತೃಪ್ತಿಯನ್ನು.

ಹುಡುಗಿ ತಾಯಿಯ ಮುಖ ನೋಡಿದಳು, ಮತ್ತೆ ಇವಳ ಮುಖ ನೋಡಿದಳು. ಅಳು ತಡೆದುಕೊಂಡು, “ಉಂಟು,” ಎಂದಳು.

“ಹೇಳು.”